ವಿದೇಶಾಂಗ ಸಚಿವಾಲಯದ ಒಳಗೆ ಯಾರಿದ್ದಾರೆ, ಅವರು ಮಾಡುವುದೇನು?

ಪ್ರಶ್ನೆ: ನಾನು ರಾಣೆಬೆನ್ನೂರು ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 2022ರಲ್ಲಿ ನಮ್ಮ ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದಾಗ ‘ವಿದೇಶಾಂಗ ಸಚಿವಾಲಯ ಏನು ಮಾಡುತ್ತಿದೆ’ ಎಂದು ಊರಿಗೆ ಊರೇ ಕೇಳುತ್ತಿತ್ತು. ಪಠ್ಯಪುಸ್ತಕದಲ್ಲಿ ಪಂಚಶೀಲ ಇದೆ, ಅಲಿಪ್ತ ನೀತಿ ಇದೆ. ಆ ಕಚೇರಿಯೊಳಗೆ ಯಾರು ಕೂರುತ್ತಾರೆ, ಕೆಲಸ ಹೇಗೆ ನಡೆಯುತ್ತದೆ ಎಂಬುದು ಮಾತ್ರ ಇಲ್ಲ. ರಾಯಭಾರಿಯ ಕೆಲಸವೆಂದರೆ ಔತಣಕೂಟ ಮತ್ತು ಕೈಕುಲುಕುವುದು ಎಂದೇ ಮಕ್ಕಳು ತಿಳಿದಿದ್ದಾರೆ. ಇನ್ನೊಂದು ವಿಷಯ: ನನ್ನ ವಿದ್ಯಾರ್ಥಿಯೊಬ್ಬನ ಅಣ್ಣ ಕೊಲ್ಲಿ ದೇಶವೊಂದರಲ್ಲಿ ಚಾಲಕನಾಗಿದ್ದಾನೆ. ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಂಡು ಸಂಬಳವನ್ನೂ ಕೊಡುತ್ತಿಲ್ಲವಂತೆ. ಇಂಥವರು ಯಾರ ಬಾಗಿಲು ಬಡಿಯಬೇಕು?

ಉತ್ತರ: ಮಾಸ್ತರರೇ, ನಾನು ನೌಕರಿಯ ಬಹುಭಾಗವನ್ನು ನಮ್ಮ ರಾಯಭಾರ ಕಚೇರಿಗಳ ಕಾನ್ಸುಲರ್ ವಿಭಾಗದಲ್ಲಿ, ಅಂದರೆ ಪಾಸ್‌ಪೋರ್ಟ್, ವೀಸಾ, ಜೈಲು, ಶವಾಗಾರಗಳ ಲೆಕ್ಕ ಇಡುವ ಮೇಜಿನ ಹಿಂದೆ ಕಳೆದು ಧಾರವಾಡಕ್ಕೆ ಮರಳಿದವನು. ರಾಯಭಾರಿಯ ಕುರ್ಚಿಯನ್ನು ಎದುರಿನಿಂದ ನೋಡಿದ್ದೇನೆಯೇ ಹೊರತು ಅದರಲ್ಲಿ ಕೂತಿಲ್ಲ. ಉತ್ತರಕ್ಕೆ ಆ ಮೇಜಿನ ವಾಸನೆ ಇರುತ್ತದೆ, ಸಹಿಸಿಕೊಳ್ಳಿ.

ಮೊದಲು ಒಂದು ಮಾತು. ಕಂದಾಯ ಇಲಾಖೆಗೆ ಜಮೀನಿನ ಮೇಲೆ ಅಧಿಕಾರವಿದೆ, ಪೊಲೀಸರಿಗೆ ಲಾಠಿ ಇದೆ. ವಿದೇಶಾಂಗ ಸಚಿವಾಲಯಕ್ಕೆ ತನ್ನ ಕೆಲಸ ನಡೆಯುವ ನೆಲದ ಮೇಲೆ ಇಂಥ ಯಾವ ಅಧಿಕಾರವೂ ಇಲ್ಲ. ಪರರ ನೆಲದಲ್ಲಿ ಅದು ಆಜ್ಞೆ ಮಾಡಲಾರದು, ಕೇಳಿಕೊಳ್ಳಬಲ್ಲದು ಅಷ್ಟೇ. ಯಾರನ್ನು ಕೇಳಬೇಕು, ಯಾವಾಗ, ಬಹಿರಂಗವಾಗಿಯೋ ಗುಟ್ಟಾಗಿಯೋ, ಪ್ರತಿಯಾಗಿ ಏನು ಕೊಡುತ್ತೇವೆಂದು ಸೂಚಿಸಬೇಕು ಎಂಬ ಲೆಕ್ಕಾಚಾರವೇ ರಾಜತಾಂತ್ರಿಕತೆ. ಕೇಳಿದಾಗ ಆ ಕಡೆಯವರು ಕಿವಿಗೊಡುವಂತೆ ವರ್ಷಗಟ್ಟಲೆ ಸಂಬಂಧ ಇಟ್ಟುಕೊಳ್ಳುವುದು ಉಳಿದ ಕೆಲಸ. ಮಕ್ಕಳು ಹೇಳುವ ಔತಣಕೂಟ ಈ ಎರಡನೆಯದರಲ್ಲಿ ಬರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಚಳಗೇರಿಯ ಪ್ರಸಂಗವನ್ನೇ ನೋಡಿ. 2022ರ ಫೆಬ್ರವರಿ 15ರಂದು ಕೀವ್‌ನ ನಮ್ಮ ರಾಯಭಾರ ಕಚೇರಿ, ಇರಲೇಬೇಕಾದ ಕಾರಣವಿಲ್ಲದವರು, ಮುಖ್ಯವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಯೋಚಿಸಬಹುದು ಎಂದು ಸೂಚನೆ ಹೊರಡಿಸಿತು. ಆ ಸೂಚನೆಯ ಮೆತ್ತನೆಯ ಧಾಟಿಯನ್ನು ಆಮೇಲೆ ಬಹಳ ಜನ ಟೀಕಿಸಿದರು. ಟೀಕೆಯಲ್ಲಿ ಹುರುಳಿದೆ. ಆದರೆ ‘ಇಂದೇ ಓಡಿ’ ಎಂದು ಒಂದು ರಾಯಭಾರ ಕಚೇರಿ ಬರೆದರೆ, ತಾನು ಕೂತಿರುವ ದೇಶ ಬೀಳುತ್ತದೆ ಎಂದು ಲಿಖಿತವಾಗಿ ಹೇಳಿದಂತಾಗುತ್ತದೆ. ಅತ್ತ ವಿಶ್ವವಿದ್ಯಾಲಯಗಳು ತರಗತಿ ನಡೆಸುತ್ತಲೇ ಇದ್ದವು, ಹುಡುಗರಿಗೆ ಹಾಜರಾತಿಯ ಚಿಂತೆ. 24ರಂದು ಯುದ್ಧ ಶುರುವಾಗಿ ವಿಮಾನ ಸಂಚಾರ ನಿಂತಿತು. ಅಲ್ಲಿಗೆ ಕೀವ್ ಕಚೇರಿಯೊಂದರಿಂದ ಆಗುವ ಕೆಲಸ ಮುಗಿಯಿತು.

ಇಲ್ಲಿ ಸಚಿವಾಲಯದ ರಚನೆ ಕಣ್ಣಿಗೆ ಕಾಣುತ್ತದೆ. ದೆಹಲಿಯಲ್ಲಿ ಉಕ್ರೇನ್ ಮತ್ತು ರಷ್ಯಾ ಯುರೇಷ್ಯಾ ವಿಭಾಗದ ಪಾಲು. ಹುಡುಗರು ಗಡಿ ದಾಟಿ ತಲುಪಬೇಕಾಗಿದ್ದ ಪೋಲೆಂಡ್, ಹಂಗೆರಿ, ರೊಮೇನಿಯಾ, ಸ್ಲೊವಾಕಿಯಾಗಳು ಮಧ್ಯ ಯುರೋಪ್ ವಿಭಾಗದ ಪಾಲು. ಪಾಸ್‌ಪೋರ್ಟ್ ಕಳೆದುಕೊಂಡವರ ವಿಷಯ ಕಾನ್ಸುಲರ್ ವಿಭಾಗಕ್ಕೆ. ವಿಶ್ವಸಂಸ್ಥೆಯಲ್ಲಿ ಮತ ಹಾಕುವ ವಿಷಯ ವಿಶ್ವಸಂಸ್ಥೆಯ ರಾಜಕೀಯ ವಿಭಾಗಕ್ಕೆ. ವಿಮಾನ ನಾಗರಿಕ ವಿಮಾನಯಾನ ಸಚಿವಾಲಯದ್ದು, ಸಾಲದೆಂದು ಬಂದದ್ದು ವಾಯುಪಡೆಯದು. ಇದನ್ನೆಲ್ಲ ಒಂದು ಹಗ್ಗಕ್ಕೆ ಕಟ್ಟುವುದಕ್ಕೆಂದೇ ದೆಹಲಿಯಲ್ಲಿ ಹಗಲಿರುಳಿನ ನಿಯಂತ್ರಣ ಕೊಠಡಿ ತೆರೆದರು, ನಾಲ್ವರು ಕೇಂದ್ರ ಸಚಿವರನ್ನು ನೆರೆಯ ದೇಶಗಳಿಗೆ ಕಳಿಸಿದರು. ಸಚಿವರು ಹೋಗಿದ್ದು ಫೋಟೊಗೆ ಎಂದವರಿದ್ದಾರೆ. ಫೋಟೊ ಇತ್ತು, ನಿಜ. ಆದರೆ ಗಡಿಯಲ್ಲಿ ವೀಸಾ ಇಲ್ಲದ ಸಾವಿರಾರು ಹುಡುಗರನ್ನು ಒಳಗೆ ಬಿಡಿ ಎಂದು ಇನ್ನೊಂದು ದೇಶದ ಸಚಿವರನ್ನು ನಡುರಾತ್ರಿ ಕೇಳಿಕೊಳ್ಳುವುದು ಎರಡನೇ ಕಾರ್ಯದರ್ಶಿಯಂಥ ಕಿರಿಯ ಅಧಿಕಾರಿಯ ಕೈಯಲ್ಲಾಗುವ ಕೆಲಸವಲ್ಲ.

ಮಾರ್ಚ್ 1ರಂದು ಆ ಹುಡುಗ ತೀರಿಕೊಂಡ. ಅದೇ ದಿನ ವಿದೇಶಾಂಗ ಕಾರ್ಯದರ್ಶಿ ರಷ್ಯಾ ಮತ್ತು ಉಕ್ರೇನ್ ಎರಡೂ ದೇಶಗಳ ರಾಯಭಾರಿಗಳನ್ನು ಕರೆಸಿ, ಖಾರ್ಕಿವ್ ಮತ್ತಿತರ ನಗರಗಳಲ್ಲಿ ಉಳಿದ ಭಾರತೀಯರಿಗೆ ಸುರಕ್ಷಿತ ದಾರಿ ಬೇಕೆಂದು ಮತ್ತೆ ಒತ್ತಾಯಿಸಿದರು. ‘ಕರೆಸಿದರು’ ಎಂದು ಪತ್ರಿಕೆಯಲ್ಲಿ ಒಂದು ಸಾಲು ಬರುತ್ತದೆ. ಒಳಗೆ ನಡೆಯುವುದೇನೆಂದರೆ, ವಿಭಾಗದ ಅಧಿಕಾರಿ ಮೊದಲೇ ಆಡಬೇಕಾದ ಮಾತುಗಳ ಟಿಪ್ಪಣಿ ಸಿದ್ಧಪಡಿಸಿರುತ್ತಾನೆ. ಕಾರ್ಯದರ್ಶಿ ಮಾತಾಡುತ್ತಾರೆ, ಆ ಅಧಿಕಾರಿ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಾನೆ. ಸಂಜೆಯೊಳಗೆ ಸಂಭಾಷಣೆಯ ದಾಖಲೆ ಸಂಕೇತ ಲಿಪಿಯಲ್ಲಿ ಮಾಸ್ಕೊ, ಕೀವ್, ನ್ಯೂಯಾರ್ಕ್‌ಗಳಲ್ಲಿರುವ ನಮ್ಮ ಕಚೇರಿಗಳಿಗೆ ಹೋಗುತ್ತದೆ. ಮರುದಿನ ಅಲ್ಲಿಯ ನಮ್ಮವರು ಅದೇ ಮಾತನ್ನು ಅಲ್ಲಿಯ ಸರ್ಕಾರದ ಮುಂದೆ ಇಡುತ್ತಾರೆ. ಒಂದು ಮಾತು ಎಲ್ಲ ಕಡೆಯೂ ಒಂದೇ ತೆರನಾಗಿ ಕೇಳಿಸಬೇಕು. ಒಬ್ಬ ಒಂದು ಹೇಳಿ ಮತ್ತೊಬ್ಬ ಮತ್ತೊಂದು ಹೇಳಿದರೆ ಎದುರಿನವರು ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ.

ಮಾರ್ಚ್ 7ರಂದು ಪ್ರಧಾನಿ ಎರಡೂ ದೇಶಗಳ ಅಧ್ಯಕ್ಷರೊಂದಿಗೆ ಮಾತಾಡಿದರು, 8ರಂದು ಸುಮಿ ನಗರದಲ್ಲಿ ಸಿಲುಕಿದ್ದ ಸುಮಾರು 700 ವಿದ್ಯಾರ್ಥಿಗಳು ಬಸ್ಸುಗಳಲ್ಲಿ ಹೊರಬಿದ್ದರು. ಈ ನಡುವೆ ವಿಶ್ವಸಂಸ್ಥೆಯಲ್ಲಿ ಭಾರತ ರಷ್ಯಾ ವಿರುದ್ಧದ ನಿರ್ಣಯಗಳ ಮೇಲೆ ಮತ ಹಾಕದೆ ದೂರ ಉಳಿದಿತ್ತು. ಇದು ನೀತಿಯ ದೃಷ್ಟಿಯಿಂದ ಸರಿಯೇ ಎಂಬ ಚರ್ಚೆಯನ್ನು ನಿಮ್ಮ ತರಗತಿಯಲ್ಲಿ ಮಾಡಿಸಿ, ಎರಡೂ ಪಕ್ಷಗಳಿಗೆ ಸಾಕಷ್ಟು ಸರಕಿದೆ. ಆದರೆ ಆ ವಾರ ಎರಡೂ ರಾಜಧಾನಿಗಳಲ್ಲಿ ನಮ್ಮ ಫೋನ್ ಎತ್ತುವವರಿದ್ದರು ಎಂಬುದನ್ನೂ ಅವರಿಗೆ ಹೇಳಿ.

ಹುಡುಗನ ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು. ಅಷ್ಟು ದಿನ ಏಕೆ ಬೇಕಾಯಿತು ಎಂದು ಆಗ ಬಹಳ ಜನ ಕೇಳಿದರು. ಯುದ್ಧ ಇಲ್ಲದ ದೇಶದಿಂದ ಶವ ತರಲಿಕ್ಕೂ ಏನು ಬೇಕೆಂದು ಹೇಳುತ್ತೇನೆ: ಸ್ಥಳೀಯ ಮರಣ ಪ್ರಮಾಣಪತ್ರ, ಸಹಜ ಸಾವಲ್ಲದಿದ್ದರೆ ಪೊಲೀಸ್ ವರದಿ, ಶವ ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ಮನೆಯವರ ಒಪ್ಪಿಗೆ ಪತ್ರ, ರದ್ದುಗೊಳಿಸಿದ ಪಾಸ್‌ಪೋರ್ಟ್, ಕೊನೆಗೆ ನಮ್ಮ ಕಚೇರಿಯ ನಿರಾಕ್ಷೇಪಣಾ ಪತ್ರ. ಇವುಗಳಲ್ಲಿ ಅರ್ಧ ಪತ್ರಗಳನ್ನು ಕೊಡುವವರು ಆ ದೇಶದ ಗುಮಾಸ್ತರು. ಆ ಗುಮಾಸ್ತನೇ ಬಾಂಬಿಗೆ ಹೆದರಿ ನೆಲಮಾಳಿಗೆಯಲ್ಲಿ ಕೂತಿದ್ದರೆ, ನಮ್ಮದೇ ರಾಯಭಾರ ಕಚೇರಿ ಕೀವ್ ಬಿಟ್ಟು ಪೋಲೆಂಡಿಗೆ ಸ್ಥಳಾಂತರವಾಗಿದ್ದರೆ, ಪ್ರತಿ ಕಾಗದಕ್ಕೂ ಹೊಸ ದಾರಿ ಹುಡುಕಬೇಕು.

ಇನ್ನು ಮನೆಯ ಒಳಗೆ ಬನ್ನಿ. ಮೇಲೆ ಸಚಿವರು, ಅವರ ಕೆಳಗೆ ರಾಜ್ಯ ಸಚಿವರು. ನಮ್ಮ ರಾಜ್ಯದ ಎಸ್. ಎಂ. ಕೃಷ್ಣ ಅವರು 2009ರಿಂದ 2012ರವರೆಗೆ ಈ ಖಾತೆ ನೋಡಿದ್ದರು. 2019ರಿಂದ ಸಚಿವರಾಗಿರುವ ಜೈಶಂಕರ್ ಇದೇ ಸಚಿವಾಲಯದಲ್ಲಿ ಕಾರ್ಯದರ್ಶಿಯಾಗಿದ್ದವರು. ಆಡಳಿತದ ಮುಖ್ಯಸ್ಥರು ವಿದೇಶಾಂಗ ಕಾರ್ಯದರ್ಶಿ. ಅವರ ಜೊತೆಗೆ ಪೂರ್ವ, ಪಶ್ಚಿಮ, ಆರ್ಥಿಕ ಸಂಬಂಧ, ಕಾನ್ಸುಲರ್ ಮತ್ತು ಅನಿವಾಸಿ ಭಾರತೀಯರು ಎಂದು ಕೆಲಸ ಹಂಚಿಕೊಂಡ ಇತರ ಕಾರ್ಯದರ್ಶಿಗಳು. ಅವರ ಕೆಳಗೆ ವಿಭಾಗಗಳು. ಕೆಲವು ವಿಭಾಗಗಳು ಭೂಪಟದ ಪ್ರಕಾರ: ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ಮೂರಕ್ಕೂ ಒಂದು. ನೇಪಾಳ, ಭೂತಾನ್‌ಗಳಿಗೆ ಒಂದು, ಅದರ ಹೆಸರು ಉತ್ತರ ವಿಭಾಗ. ಬಾಂಗ್ಲಾದೇಶ, ಮ್ಯಾನ್ಮಾರ್‌ಗಳಿಗೆ ಒಂದು. ಚೀನಾ, ಜಪಾನ್, ಕೊರಿಯಾಗಳಿಗೆ ಪೂರ್ವ ಏಷ್ಯಾ ವಿಭಾಗ. ಕೊಲ್ಲಿ ದೇಶಗಳಿಗೇ ಬೇರೆ. ಉಳಿದವು ಕೆಲಸದ ಪ್ರಕಾರ: ಶಿಷ್ಟಾಚಾರ, ಕಾನೂನು ಮತ್ತು ಒಪ್ಪಂದಗಳು, ನಿಶ್ಶಸ್ತ್ರೀಕರಣ, ಪ್ರಚಾರ, ನೆರವು ಯೋಜನೆಗಳು. ರಾಜ್ಯ ಸರ್ಕಾರಗಳೊಂದಿಗೆ ವ್ಯವಹರಿಸಲು 2014ರಲ್ಲಿ ಒಂದು ವಿಭಾಗ ಹುಟ್ಟಿತು. ಅನಿವಾಸಿ ಭಾರತೀಯರಿಗೆ ಮೊದಲು ಬೇರೆಯೇ ಸಚಿವಾಲಯವಿತ್ತು, 2016ರಲ್ಲಿ ಅದನ್ನು ಇದರಲ್ಲಿ ವಿಲೀನ ಮಾಡಿದರು.

ಪ್ರತಿ ವಿಭಾಗದ ಮುಖ್ಯಸ್ಥರು ಸಾಮಾನ್ಯವಾಗಿ ಜಂಟಿ ಕಾರ್ಯದರ್ಶಿ. ಹೆಸರು ಕೇಳಿದರೆ ಮಧ್ಯಮ ದರ್ಜೆಯ ಹುದ್ದೆ ಅನ್ನಿಸುತ್ತದೆ. ಆದರೆ ತಾಲೂಕಿಗೆ ತಹಶೀಲ್ದಾರ ಹೇಗೋ ಹಾಗೆ, ಯಾವ ಕಾಗದವೂ ಅವರ ಮೇಜು ತಪ್ಪಿಸಿ ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಸಚಿವರು ನೇಪಾಳಕ್ಕೆ ಹೊರಟರೆ ಅವರ ಕೈಯಲ್ಲಿರುವ ಟಿಪ್ಪಣಿ ಪುಸ್ತಕ ಉತ್ತರ ವಿಭಾಗದ ಒಬ್ಬ ಅಧೀನ ಕಾರ್ಯದರ್ಶಿ ಬರೆದು, ಉಪ ಕಾರ್ಯದರ್ಶಿ ತಿದ್ದಿ, ಜಂಟಿ ಕಾರ್ಯದರ್ಶಿ ಮತ್ತೆ ತಿದ್ದಿದ್ದು. ಆ ಪುಸ್ತಕದಲ್ಲಿ ನಾವು ಎತ್ತಬೇಕಾದ ವಿಷಯಗಳು, ಅವರು ಎತ್ತಬಹುದಾದ ವಿಷಯಗಳು ಮತ್ತು ಅದಕ್ಕೆ ನಮ್ಮ ಉತ್ತರ ಇರುತ್ತವೆ. ಮೂರನೆಯದು ಚೆನ್ನಾಗಿದ್ದರೆ ಆ ವಿಭಾಗ ಚೆನ್ನಾಗಿದೆ ಎಂದರ್ಥ.

ಇಷ್ಟೆಲ್ಲ ಇದ್ದೂ ಇದು ಚಿಕ್ಕ ಮನೆ. ಭಾರತೀಯ ವಿದೇಶಾಂಗ ಸೇವೆಯ (ಐ.ಎಫ್.ಎಸ್.) ಅಧಿಕಾರಿಗಳು ಹೆಚ್ಚೂಕಡಿಮೆ ಸಾವಿರ ಮಂದಿ. ಅವರನ್ನು ದೆಹಲಿ ಮತ್ತು ಹೊರದೇಶಗಳ ಸುಮಾರು 200 ಕಚೇರಿಗಳಿಗೆ ಹಂಚಬೇಕು. 2025–26ರ ಕೇಂದ್ರ ಬಜೆಟ್‌ನಲ್ಲಿ ಈ ಸಚಿವಾಲಯಕ್ಕೆ ಸಿಕ್ಕಿದ್ದು ಸುಮಾರು 20,500 ಕೋಟಿ ರೂಪಾಯಿ, ಒಟ್ಟು ವೆಚ್ಚದ ಶೇ. 0.4ರಷ್ಟು. ಅದರಲ್ಲೂ ದೊಡ್ಡ ಪಾಲು ನೆರೆ ದೇಶಗಳಿಗೆ ಕೊಡುವ ನೆರವಿಗೆ ಹೋಗುತ್ತದೆ, ಭೂತಾನ್ ಒಂದಕ್ಕೇ 2,000 ಕೋಟಿಗೂ ಮಿಕ್ಕಿ. ಧಾರವಾಡದ ಸಪ್ತಾಪುರದ ತರಬೇತಿ ಕೇಂದ್ರಗಳಲ್ಲಿ ಹಗಲಿರುಳು ಓದುವ ಮಕ್ಕಳು ನನ್ನನ್ನು ಐ.ಎಫ್.ಎಸ್. ಆದರೆ ಯಾವ ದೇಶ ಸಿಗುತ್ತದೆ ಎಂದು ಕೇಳುತ್ತಾರೆ. ಮೊದಲು ಒಂದು ಹೊಸ ಭಾಷೆ ಸಿಗುತ್ತದೆ, ಅದರಲ್ಲಿ ಪರೀಕ್ಷೆ ಪಾಸಾಗದೆ ನೌಕರಿ ಕಾಯಂ ಆಗುವುದಿಲ್ಲ ಎಂದು ಹೇಳುತ್ತೇನೆ. ಹೆಣ್ಣುಮಕ್ಕಳಿಗೆ ಕೊಡಗಿನ ಸಿ. ಬಿ. ಮುತ್ತಮ್ಮ ಅವರ ಕಥೆಯನ್ನೂ ಹೇಳುತ್ತೇನೆ. ಈ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಮದುವೆಯಾಗಬೇಕಾದರೆ ಮಹಿಳಾ ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮ ಆಗ ಇತ್ತು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು, 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ಲಿಂಗಭೇದಕ್ಕೆ ಚೆನ್ನಾಗಿ ಛೀಮಾರಿ ಹಾಕಿದರು.

ಎಲ್ಲ ವಿದೇಶ ವ್ಯವಹಾರವೂ ಈ ಸಚಿವಾಲಯದಲ್ಲೇ ನಿರ್ಧಾರವಾಗುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಹೊರದೇಶದ ಬಂದರಿನಲ್ಲಿ ಸರಕು ತಪಾಸಣೆಗೆ ಸಿಕ್ಕಿಬಿದ್ದರೆ ವ್ಯಾಪಾರಿ ಓಡಬೇಕಾದುದು ವಾಣಿಜ್ಯ ಸಚಿವಾಲಯಕ್ಕೆ, ಅದರ ಕೈಕೆಳಗಿನ ಸಾಂಬಾರ ಮಂಡಳಿಗೆ. ಸುಂಕದ ಮಾತುಕತೆಯೂ ವಾಣಿಜ್ಯದವರದೇ. ನಮ್ಮ ರಾಯಭಾರ ಕಚೇರಿಯ ವಾಣಿಜ್ಯ ಶಾಖೆ ಅಲ್ಲಿಯ ಖರೀದಿದಾರರ ಪಟ್ಟಿ ಕೊಡುತ್ತದೆ, ಅಧಿಕಾರಿಗಳ ಬಳಿ ಮಾತಾಡುತ್ತದೆ. ಯಾರಿಗೆ ವೀಸಾ ಕೊಡಬಹುದೆಂಬ ನೀತಿ ಗೃಹ ಸಚಿವಾಲಯದ್ದು, ಮುದ್ರೆ ಒತ್ತುವುದು ಮಾತ್ರ ರಾಯಭಾರ ಕಚೇರಿ. ವಿಶ್ವ ಬ್ಯಾಂಕ್ ಜೊತೆಗಿನ ವ್ಯವಹಾರ ಹಣಕಾಸು ಸಚಿವಾಲಯಕ್ಕೆ. ಇನ್ನು ಚೀನಾ ಗಡಿ, ಪಾಕಿಸ್ತಾನ, ಅಮೆರಿಕದಂಥ ದೊಡ್ಡ ವಿಷಯಗಳ ತೀರ್ಮಾನ ಪ್ರಧಾನಿ ಕಚೇರಿಯಲ್ಲಿ ಆಗುತ್ತದೆ. 1998ರಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರರ ಹುದ್ದೆ ಬಂದ ಮೇಲಂತೂ ಆ ತಕ್ಕಡಿ ಇನ್ನಷ್ಟು ಅತ್ತ ವಾಲಿದೆ. ಇದು ಹೊಸತೇನೂ ಅಲ್ಲ. ನೆಹರೂ ಹದಿನೇಳು ವರ್ಷ ತಾವೇ ವಿದೇಶಾಂಗ ಖಾತೆ ಇಟ್ಟುಕೊಂಡಿದ್ದರು.

ಸಂಸತ್ತಿನ ಪಾತ್ರ ಜನ ಊಹಿಸುವುದಕ್ಕಿಂತ ಕಡಿಮೆ. ನಮ್ಮಲ್ಲಿ ಒಪ್ಪಂದಕ್ಕೆ ಸಹಿ ಹಾಕಲು, ಅನುಮೋದಿಸಲು ಸಂಸತ್ತಿನ ಮತ ಬೇಡ, ಮಂತ್ರಿಮಂಡಲ ಸಾಕು. ದೇಶದ ನೆಲ ಬಿಟ್ಟುಕೊಡುವುದಾದರೆ ಮಾತ್ರ ಸಂವಿಧಾನ ತಿದ್ದುಪಡಿ ಬೇಕು. ಬಾಂಗ್ಲಾದೇಶದೊಂದಿಗಿನ ಗಡಿ ಒಪ್ಪಂದಕ್ಕೆ 1974ರಲ್ಲಿ ಸಹಿ ಬಿದ್ದರೂ 100ನೇ ತಿದ್ದುಪಡಿ ಆದದ್ದು 2015ರಲ್ಲಿ.

ಈಗ ಔತಣಕೂಟಕ್ಕೆ ಬರೋಣ. ಒಬ್ಬರನ್ನು ರಾಯಭಾರಿಯಾಗಿ ಕಳಿಸುವ ಮುನ್ನ ಆ ದೇಶದ ಸಮ್ಮತಿಯನ್ನು ಗುಟ್ಟಾಗಿ ಕೇಳಬೇಕು. 1961ರ ವಿಯೆನ್ನಾ ಒಡಂಬಡಿಕೆಯ ಪ್ರಕಾರ ಅವರು ಒಲ್ಲೆ ಎಂದರೆ ಕಾರಣ ಕೊಡಬೇಕಿಲ್ಲ. ಸಮ್ಮತಿ ಬಂದ ಮೇಲೆ ರಾಷ್ಟ್ರಪತಿಗಳ ಸಹಿಯ ಅಧಿಕಾರ ಪತ್ರ ಹಿಡಿದು ಹೋಗಿ ಅಲ್ಲಿಯ ರಾಷ್ಟ್ರದ ಮುಖ್ಯಸ್ಥರಿಗೆ ಒಪ್ಪಿಸಬೇಕು. ಕಾಮನ್‌ವೆಲ್ತ್ ದೇಶಗಳ ನಡುವೆ ರಾಯಭಾರಿಯನ್ನು ಹೈಕಮಿಷನರ್ ಎನ್ನುತ್ತಾರೆ, ಕೆಲಸ ಅದೇ. ಕಾರಿನ ಮುಂದೆ ಧ್ವಜ ಹಾರಿಸುವ ಹಕ್ಕು ಧ್ವಜಸಂಹಿತೆಯಲ್ಲೇ ಇದೆ. ಕಾರಿಗೆ ಹಾಕುವ ಧ್ವಜದ ಅಳತೆ 225 ಮಿಲಿಮೀಟರ್ ಉದ್ದ, 150 ಮಿಲಿಮೀಟರ್ ಅಗಲ. ನಿಮ್ಮ ಮಕ್ಕಳನ್ನು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ಘಟಕಕ್ಕೆ ಕರೆದುಕೊಂಡು ಹೋಗಿ. ಮೇಜಿನ ಮೇಲಿಡುವುದರಿಂದ ಕೋಟೆಯ ಮೇಲೆ ಹಾರಿಸುವವರೆಗಿನ ಒಂಬತ್ತು ಅಳತೆಗಳ ಧ್ವಜಗಳನ್ನು ಅಲ್ಲಿ ನಮ್ಮ ಹೆಣ್ಣುಮಕ್ಕಳು ಹೊಲಿಯುವುದನ್ನು ತೋರಿಸಬಹುದು.

ರಾಯಭಾರಿಯ ಕೈಕೆಳಗೆ ಒಬ್ಬ ಉಪ ಮುಖ್ಯಸ್ಥ, ರಾಜಕೀಯ, ವಾಣಿಜ್ಯ, ಕಾನ್ಸುಲರ್, ಪತ್ರಿಕೆ ಮತ್ತು ಸಂಸ್ಕೃತಿ ಶಾಖೆಗಳು, ದೊಡ್ಡ ಕಚೇರಿಯಾದರೆ ರಕ್ಷಣಾ ಅಟ್ಯಾಷೆ, ಅಂದರೆ ಸೇನೆಯಿಂದ ಬಂದ ಅಧಿಕಾರಿ ಇರುತ್ತಾರೆ. ಯಾರೂ ಹೊಗಳದ ಹುದ್ದೆಯೊಂದಿದೆ: ಕಚೇರಿಯ ಬಾಡಿಗೆ, ಚಾಲಕರ ಸಂಬಳ, ಸೋರುವ ಕೊಳಾಯಿ, ದೆಹಲಿಯ ಲೆಕ್ಕಪರಿಶೋಧಕರ ಆಕ್ಷೇಪಣೆಗಳನ್ನು ನೋಡಿಕೊಳ್ಳುವ ಆಡಳಿತ ಮುಖ್ಯಸ್ಥ. ಸಣ್ಣ ದೇಶಗಳಲ್ಲಿ ಇಷ್ಟೂ ಕೆಲಸ ಇಬ್ಬರು ಮೂವರು ಅಧಿಕಾರಿಗಳ ತಲೆಯ ಮೇಲೆ. ರಾಜಧಾನಿಯಲ್ಲಿ ರಾಯಭಾರ ಕಚೇರಿ, ಇತರ ದೊಡ್ಡ ನಗರಗಳಲ್ಲಿ ಕಾನ್ಸುಲೇಟ್. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ನಮ್ಮ ರಾಯಭಾರಿ ಅಬುಧಾಬಿಯಲ್ಲಿದ್ದಾರೆ, ನಮ್ಮ ಕಾರ್ಮಿಕರಿಗೆ ಹೆಚ್ಚು ಗೊತ್ತಿರುವ ಕಚೇರಿ ದುಬೈ ಕಾನ್ಸುಲೇಟ್.

ಊಟದ ಮೇಜಿನಲ್ಲಿ ನಡೆಯುವುದು ಸುದ್ದಿ ಸಂಗ್ರಹ. ಅಲ್ಲಿಯ ಕೃಷಿ ಇಲಾಖೆಯ ಅಧಿಕಾರಿ ಮುಂದಿನ ತಿಂಗಳು ಬೇಳೆ ಆಮದಿನ ನಿಯಮ ಬದಲಾಗುವ ಸಾಧ್ಯತೆಯನ್ನು ಪತ್ರದಲ್ಲಿ ಬರೆಯಲಾರ, ಊಟದ ಮಧ್ಯೆ ಹೇಳಿಯಾನು. ಮತ್ತೆ ನಮ್ಮ ಹುಡುಗನೊಬ್ಬ ಠಾಣೆಯಲ್ಲಿ ಸಿಕ್ಕಿಬಿದ್ದ ರಾತ್ರಿ, ಹಿಂದಿನ ವಾರ ನಮ್ಮ ಮನೆಯಲ್ಲಿ ಉಂಡು ಹೋದ ಅಧಿಕಾರಿಗೆ ಫೋನ್ ಮಾಡುವುದಕ್ಕೂ, ಅಪರಿಚಿತನಿಗೆ ಮಾಡುವುದಕ್ಕೂ ಅಂತರವಿದೆ. ಹಾಗೆಂದು ಎಲ್ಲ ಔತಣವೂ ದೇಶಸೇವೆ ಎಂದು ನಾನು ವಾದಿಸುವುದಿಲ್ಲ. ಬರೀ ಹೊಟ್ಟೆ ತುಂಬಿಸಿಕೊಂಡು ಮರುದಿನ ಒಂದು ಸಾಲೂ ಬರೆಯದ ಅಧಿಕಾರಿಗಳನ್ನೂ ಕಂಡಿದ್ದೇನೆ.

ಬರೆಯುವುದೇ ಈ ವೃತ್ತಿಯ ಉಸಿರು. ಎರಡು ಸರ್ಕಾರಗಳ ನಡುವೆ ದಿನನಿತ್ಯ ಓಡಾಡುವ ಪತ್ರವನ್ನು ನೋಟ್ ವರ್ಬಾಲ್ ಎನ್ನುತ್ತಾರೆ. ಅದರಲ್ಲಿ ‘ನಾನು’, ‘ನೀವು’ ಇರುವುದಿಲ್ಲ. ‘ಭಾರತದ ರಾಯಭಾರ ಕಚೇರಿಯು ಇಂಥ ದೇಶದ ವಿದೇಶಾಂಗ ಸಚಿವಾಲಯಕ್ಕೆ ತನ್ನ ವಂದನೆಗಳನ್ನು ಸಲ್ಲಿಸಿ, ಈ ಕೆಳಕಂಡ ವಿಷಯವನ್ನು ಗಮನಕ್ಕೆ ತರುತ್ತದೆ’ ಎಂದು ಶುರುವಾಗಿ, ‘ತನ್ನ ಅತ್ಯುನ್ನತ ಗೌರವವನ್ನು ಮತ್ತೊಮ್ಮೆ ವ್ಯಕ್ತಪಡಿಸಲು ಈ ಅವಕಾಶವನ್ನು ಬಳಸಿಕೊಳ್ಳುತ್ತದೆ’ ಎಂದು ಮುಗಿಯುತ್ತದೆ. ಪೂರ್ತಿ ಸಹಿ ಇಲ್ಲ, ಚುಟುಕು ಸಹಿ ಮತ್ತು ಮೊಹರು. ಕೈದಿಯನ್ನು ಭೇಟಿ ಮಾಡಲು ಬಿಡಿ ಎಂಬ ಕೋರಿಕೆಗೂ ಇದೇ ಹೊದಿಕೆ, ನಿಮ್ಮ ಅಧಿಕಾರಿ ಎರಡು ದಿನದಲ್ಲಿ ಜಾಗ ಖಾಲಿ ಮಾಡಲಿ ಎಂಬ ಸಿಟ್ಟಿಗೂ ಇದೇ ಹೊದಿಕೆ. ಹೊಸದಾಗಿ ಸೇರಿದವರು ನಗುತ್ತಾರೆ. ನಗಲಿ. ಸಿಟ್ಟಿನ ದಿನವೂ ಪತ್ರದ ಧಾಟಿ ಬದಲಾಗದಿದ್ದರೆ, ಮರುದಿನ ಮಾತು ಮುಂದುವರಿಸಲು ಯಾರೂ ಯಾರ ಕ್ಷಮೆಯನ್ನೂ ಕೇಳಬೇಕಾಗುವುದಿಲ್ಲ.

ಅಸಮಾಧಾನಕ್ಕೂ ಮೆಟ್ಟಿಲುಗಳಿವೆ. ಮೊದಲು ಅವರ ರಾಯಭಾರಿಯನ್ನು ಕರೆಸಿ ಹೇಳುವುದು, ಲಿಖಿತ ಪ್ರತಿಭಟನೆ ಕೊಡುವುದು. ನಂತರ ನಮ್ಮ ರಾಯಭಾರಿಯನ್ನು ‘ಸಮಾಲೋಚನೆಗೆ’ ವಾಪಸ್ ಕರೆಸುವುದು. ನಂತರ ಅವರ ಅಧಿಕಾರಿಯನ್ನು ‘ಇಲ್ಲಿ ಬೇಡವಾದ ವ್ಯಕ್ತಿ’ ಎಂದು ಸಾರುವುದು. ಕಚೇರಿಯ ಸಿಬ್ಬಂದಿಯನ್ನು ಇಳಿಸುವುದು. ಸಂಬಂಧವನ್ನೇ ಕಡಿದುಕೊಳ್ಳುವುದು ಕೊನೆಯದು, ತೀರಾ ಅಪರೂಪ. ಕೆನಡಾದೊಂದಿಗೆ 2023ರ ಸೆಪ್ಟೆಂಬರ್‌ನಿಂದ ನಡೆದ ಜಗಳದಲ್ಲಿ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಬಹುದು: ಎರಡೂ ಕಡೆ ಒಬ್ಬೊಬ್ಬ ಅಧಿಕಾರಿಯ ಉಚ್ಚಾಟನೆ, ಕೆನಡಾದವರಿಗೆ ಭಾರತದ ವೀಸಾ ಸ್ಥಗಿತ, ಅಕ್ಟೋಬರ್‌ನಲ್ಲಿ ಕೆನಡಾದ 41 ರಾಜತಾಂತ್ರಿಕರ ನಿರ್ಗಮನ. ಬೆಂಗಳೂರಿನ ಅವರ ಕಾನ್ಸುಲೇಟ್‌ನಲ್ಲಿ ನೇರ ಸೇವೆ ಆಗಲೇ ನಿಂತದ್ದು. 2024ರ ಅಕ್ಟೋಬರ್‌ನಲ್ಲಿ ಎರಡೂ ದೇಶಗಳು ಆರಾರು ಮಂದಿಯನ್ನು ಹೊರಹಾಕಿದವು. 2025ರ ಆಗಸ್ಟ್‌ನಲ್ಲಿ ಎರಡೂ ಕಡೆ ಹೊಸ ಹೈಕಮಿಷನರ್‌ಗಳ ಹೆಸರು ಪ್ರಕಟವಾಯಿತು. ನಡುವಿನ ಎರಡು ವರ್ಷ ಪರದಾಡಿದ್ದು ವೀಸಾ ಕಾಯುತ್ತಿದ್ದ ವಿದ್ಯಾರ್ಥಿಗಳು ಮತ್ತು ಅವರ ತಂದೆತಾಯಿಗಳು.

ಪಾಕಿಸ್ತಾನದೊಂದಿಗೆ 2019ರ ಆಗಸ್ಟ್‌ನಿಂದ ಹೈಕಮಿಷನರ್‌ಗಳೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಎರಡೂ ಹೈಕಮಿಷನ್ ಕಚೇರಿಗಳ ಉಳಿದ ಸಿಬ್ಬಂದಿಯನ್ನೂ 55ರಿಂದ 30ಕ್ಕೆ ಇಳಿಸಿದರು. ಆದರೂ ಪ್ರತಿ ವರ್ಷ ಜನವರಿ 1ರಂದು ಎರಡೂ ದೇಶಗಳು ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಡುತ್ತವೆ. 1988ರ ಒಪ್ಪಂದದ ಪ್ರಕಾರ 1992ರಲ್ಲಿ ಶುರುವಾದ ಈ ಪದ್ಧತಿ ಕಾರ್ಗಿಲ್ ಯುದ್ಧವಾದರೂ ನಿಲ್ಲಲಿಲ್ಲ. ತಮ್ಮ ಜೈಲುಗಳಲ್ಲಿರುವ ಆ ದೇಶದ ಕೈದಿಗಳು ಮತ್ತು ಮೀನುಗಾರರ ಪಟ್ಟಿಯನ್ನು ಜನವರಿ 1, ಜುಲೈ 1ರಂದು ವರ್ಷಕ್ಕೆರಡು ಬಾರಿ ಕೊಡುತ್ತವೆ. ಟಿ.ವಿ.ಯಲ್ಲಿ ಇದು ಸುದ್ದಿಯೇ ಅಲ್ಲ. ನನ್ನನ್ನು ಕೇಳಿದರೆ ಇಡೀ ವರ್ಷದಲ್ಲಿ ಆ ಎರಡು ಕಚೇರಿಗಳು ಮಾಡುವ ಅತ್ಯಂತ ಬೆಲೆಬಾಳುವ ಕೆಲಸ ಇದು.

ಹಲವು ದೇಶಗಳ ಕೂಟದಲ್ಲಿ ಕೆಲಸದ ರೀತಿಯೇ ಬೇರೆ. ಗದಗ, ಕೊಪ್ಪಳ ದಾಟಿ ಹೊಸಪೇಟೆ ಹಾದಿ ಹಿಡಿದರೆ ಸಿಗುವ ಹಂಪಿಯಲ್ಲಿ 2023ರ ಜುಲೈ 13ರಿಂದ 15ರವರೆಗೆ ಜಿ–20 ಶೆರ್ಪಾಗಳ ಸಭೆ ನಡೆಯಿತು. ಶೆರ್ಪಾ ಎಂದರೆ ಆಯಾ ದೇಶದ ನಾಯಕರ ಪ್ರತಿನಿಧಿ. ಪತ್ರಿಕೆಗಳಲ್ಲಿ ಕಲ್ಲಿನ ರಥ ಮತ್ತು ಲಂಬಾಣಿ ಕಸೂತಿಯ ಚಿತ್ರಗಳು ಬಂದವು. ಇಂಥ ಸಭೆಗಳಲ್ಲಿ ಕೋಣೆಯೊಳಗೆ ನಡೆಯುವುದು ಒಂದು ಕರಡಿನ ಜಟಾಪಟಿ. ಪರದೆಯ ಮೇಲೆ ಘೋಷಣೆಯ ಕರಡು ಇರುತ್ತದೆ. ಒಪ್ಪದ ಪದಗಳನ್ನು ಚೌಕ ಕಂಸದೊಳಗೆ ಹಾಕುತ್ತಾರೆ. ಒಂದು ದೇಶ ಕಂಸ ತೆಗೆಯಲು ಒಪ್ಪಿದರೆ ಇನ್ನೊಂದು ದೇಶ ಮೂರು ಪ್ಯಾರಾ ಕೆಳಗೆ ಹೊಸ ಕಂಸ ಹಾಕುತ್ತದೆ, ಅಲ್ಲಿ ಕೊಟ್ಟದ್ದನ್ನು ಇಲ್ಲಿ ವಸೂಲು ಮಾಡಲಿಕ್ಕೆ. ಉಕ್ರೇನ್ ಕುರಿತ ಭಾಗ ಕೊನೆಯವರೆಗೂ ಸತಾಯಿಸಿತು. ಸೆಪ್ಟೆಂಬರ್ 9ರಂದು ದೆಹಲಿಯಲ್ಲಿ 83 ಪ್ಯಾರಾಗಳ ಘೋಷಣೆಗೆ ಎಲ್ಲರೂ ಒಪ್ಪಿದಾಗ ಕಂಡ ಕೈಕುಲುಕುವಿಕೆ ತಿಂಗಳುಗಟ್ಟಲೆ ಕೂತು ಕಂಸ ಬಿಡಿಸಿದವರ ದುಡಿಮೆಯ ಕೊನೆಯ ಕ್ಷಣ.

ಕೆಲವು ಕೆಲಸಗಳು ಸದ್ದು ಮಾಡಿದರೆ ಕೆಡುತ್ತವೆ. ಕತಾರ್‌ನಲ್ಲಿ ನಮ್ಮ ನೌಕಾಪಡೆಯ ಎಂಟು ಮಾಜಿ ಸಿಬ್ಬಂದಿಗೆ 2023ರ ಅಕ್ಟೋಬರ್‌ನಲ್ಲಿ ಮರಣದಂಡನೆ ಆಯಿತು. ಡಿಸೆಂಬರ್‌ನಲ್ಲಿ ಅದು ಜೈಲು ಶಿಕ್ಷೆಗೆ ಇಳಿಯಿತು, 2024ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಆ ತಿಂಗಳುಗಳಲ್ಲಿ ಸಚಿವಾಲಯದ ವಕ್ತಾರರು ಅಳೆದು ಸುರಿದು ಮಾತಾಡಿದರು, ಪತ್ರಕರ್ತರು ಬೇಸರಪಟ್ಟುಕೊಂಡರು. ಆ ಬೇಸರ ಸಹಿಸಿಕೊಂಡದ್ದು ಸರಿಯಾಗಿತ್ತು. ಒಬ್ಬ ದೊರೆ ತಾನಾಗಿ ಕೊಟ್ಟಂತೆ ತೋರಬೇಕಾದುದನ್ನು ನಾವು ಕಸಿದುಕೊಂಡೆವೆಂದು ಟಿ.ವಿ.ಯಲ್ಲಿ ಕೂಗಿದರೆ ಅವನು ಕೊಡುವುದಿಲ್ಲ.

ಕೊನೆಗೆ ನಿಮ್ಮ ವಿದ್ಯಾರ್ಥಿಯ ಅಣ್ಣನ ವಿಷಯ. ಪಾಸ್‌ಪೋರ್ಟ್ ಮಾಲೀಕನದೂ ಅಲ್ಲ, ಹುಡುಗನದೂ ಅಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು. ಹಾಗಾಗಿ ಅದನ್ನು ವಾಪಸ್ ಕೇಳಲು ನಮ್ಮ ಕಚೇರಿಗೆ ಸ್ಪಷ್ಟ ಆಧಾರವಿದೆ. ಮಾಲೀಕ ಕೊಡಲೇ ಇಲ್ಲವೆಂದರೆ ಊರಿಗೆ ಮರಳಲು ಒಂದು ಬಾರಿಯ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಆದರೆ ಆ ದೇಶ ಬಿಡಲು ಅಲ್ಲಿಯ ಸರ್ಕಾರದ ನಿರ್ಗಮನ ಅನುಮತಿಯೂ ಬೇಕಾಗಬಹುದು. ಸಂಬಳದ ಬಾಕಿ ಅಲ್ಲಿಯ ಕಾರ್ಮಿಕ ಇಲಾಖೆ ಅಥವಾ ನ್ಯಾಯಾಲಯದಲ್ಲೇ ತೀರ್ಮಾನವಾಗಬೇಕು. ನಮ್ಮವರು ಮಾಲೀಕನ ಜೊತೆ ಮಾತಾಡುತ್ತಾರೆ, ದೂರು ಬರೆಯಲು ನೆರವಾಗುತ್ತಾರೆ, ತೀರಾ ಕಷ್ಟದಲ್ಲಿದ್ದರೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ವಸತಿ, ವಕೀಲ, ವಿಮಾನದ ಟಿಕೆಟ್‌ಗೆ ಹಣ ಕೊಡಬಹುದು. ಬಾಕಿ ಸಂಬಳವನ್ನು ತಮ್ಮ ಕೈಯಿಂದ ಕೊಡುವುದಿಲ್ಲ, ಸಾಲ ತೀರಿಸುವುದಿಲ್ಲ.

ಅವನಿಗೆ ಈಗಲೇ ಒಂದು ಮಾತು ತಲುಪಿಸಿ: ಸಿಟ್ಟಿನಲ್ಲಿ ಕೆಲಸದ ಜಾಗ ಬಿಟ್ಟು ಓಡಬೇಡ. ಓಡಿದ ಮರುದಿನವೇ ಮಾಲೀಕ ‘ಪರಾರಿ’ ಎಂದು ದೂರು ಕೊಡಬಹುದು. ಆಮೇಲೆ ಅಲ್ಲಿಯ ಕಾನೂನಿನ ಕಣ್ಣಿಗೆ ತಪ್ಪಿತಸ್ಥ ಇವನೇ, ಸಂಬಳದ ದೂರು ಹಿಂದೆ ಬೀಳುತ್ತದೆ. ಜೀವಕ್ಕೆ ಅಪಾಯವಿದ್ದರೆ ಮಾತು ಬೇರೆ, ನೇರವಾಗಿ ರಾಯಭಾರ ಕಚೇರಿಗೆ ಹೋಗಲಿ. ಹತ್ತನೇ ತರಗತಿ ಪಾಸಾಗದ ಹುಡುಗನಾದರೆ ಅವನ ಪಾಸ್‌ಪೋರ್ಟ್ ವಲಸೆ ಅನುಮತಿ ಬೇಕಾದ ವರ್ಗದ್ದಿರುತ್ತದೆ. ಸರಿಯಾದ ದಾರಿಯಲ್ಲಿ ಹೋಗಿದ್ದರೆ ಇ–ಮೈಗ್ರೇಟ್ ಎಂಬ ಸರ್ಕಾರದ ಆನ್‌ಲೈನ್ ವಲಸೆ ನೋಂದಣಿ ವ್ಯವಸ್ಥೆಯಲ್ಲಿ ಅವನ ಕರಾರು, ಏಜೆಂಟನ ಹೆಸರು, 10 ಲಕ್ಷ ರೂಪಾಯಿಯ ವಿಮೆ ಎಲ್ಲವೂ ದಾಖಲಾಗಿರುತ್ತವೆ. ಪ್ರವಾಸಿ ವೀಸಾದಲ್ಲಿ ಕಳಿಸಿದ ಏಜೆಂಟನಾದರೆ ಏನೂ ಇರುವುದಿಲ್ಲ. ಆಗ ಆ ಏಜೆಂಟನ ಮೇಲೆ 1983ರ ವಲಸೆ ಕಾಯ್ದೆಯನ್ನೂ ಉಲ್ಲೇಖಿಸಿ ಇಲ್ಲಿಯ ಠಾಣೆಯಲ್ಲೇ ದೂರು ಕೊಡಿ.

ದೂರು ಸಲ್ಲಿಸಲು ಸಚಿವಾಲಯದ ‘ಮದದ್’ ಜಾಲತಾಣವಿದೆ, ಮನೆಯವರು ಊರಿನಿಂದಲೇ ಬರೆಯಬಹುದು. ಕಥೆ ಬೇಡ, ವಿವರ ಬೇಕು: ಪಾಸ್‌ಪೋರ್ಟ್ ಸಂಖ್ಯೆ, ಮಾಲೀಕನ ಅಥವಾ ಕಂಪನಿಯ ಪೂರ್ತಿ ಹೆಸರು ಮತ್ತು ಫೋನ್, ಅಲ್ಲಿಯ ಗುರುತಿನ ಚೀಟಿಯ ಸಂಖ್ಯೆ, ಯಾವ ತಿಂಗಳಿನಿಂದ ಎಷ್ಟು ಬಾಕಿ, ಅವನೀಗ ಇರುವ ಊರು. ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟ, ವೀಸಾ, ಕರಾರುಪತ್ರದ ನಕಲು ಲಗತ್ತಿಸಿ. ದೂರು ದಾಖಲಾದರೆ ಒಂದು ಸಂಖ್ಯೆ ಬರುತ್ತದೆ. ನಿಮ್ಮೂರ ಕಡೆ ಎಲ್ಲರೂ ಮೊದಲು ಸಂಸದರ ಮನೆಗೆ ಹೋಗುತ್ತಾರೆ. ಹೋಗಿ, ಸಂಸದರ ಪತ್ರಕ್ಕೆ ತೂಕವಿದೆ. ಆದರೆ ಆ ಪತ್ರದಲ್ಲಿ ಈ ಸಂಖ್ಯೆಯನ್ನು ಬರೆಸಿ. ಇಲ್ಲದಿದ್ದರೆ ದೆಹಲಿಯಲ್ಲಿ ಅದೇ ಹುಡುಗನ ಹೆಸರಿನಲ್ಲಿ ಎರಡನೇ ಕಡತ ತೆರೆದುಕೊಂಡು, ಎರಡು ಮೇಜುಗಳು ಒಂದೇ ಪ್ರಶ್ನೆಯನ್ನು ರಾಯಭಾರ ಕಚೇರಿಗೆ ಎರಡು ಸಲ ಕಳಿಸುತ್ತವೆ.